ಗವರ್ನರ್ ಕೆಳಗಿಳಿದರೆ ಕುರ್ಚಿ ಯಾರಿಗೆ?

ಗವರ್ನರ್ ಎಂದ ಕೂಡಲೇ ನಮಗೆ ನೆನಪಾಗುವುದು ರಾಜಭವನ. ಆದರೆ ನಮ್ಮ ರಾಜ್ಯಪಾಲರನ್ನು ನೇಮಿಸುವವರು ರಾಷ್ಟ್ರಪತಿ. ಅಮೆರಿಕದ ಗವರ್ನರ್ ಜನರಿಂದಲೇ ಆರಿಸಿ ಬಂದವರು, ಹೆಚ್ಚುಕಡಿಮೆ ನಮ್ಮ ಮುಖ್ಯಮಂತ್ರಿ ಇದ್ದಂತೆ. ಆರಿಸಿದ ಜನರೇ ಅವಧಿ ಮುಗಿಯುವ ಮೊದಲು ಅವರನ್ನು ಮನೆಗೆ ಕಳಿಸುವ ಮತದಾನವೇ ರಿಕಾಲ್. ಅಲ್ಲಿ ಎಲ್ಲ ರಾಜ್ಯಗಳಲ್ಲೂ ಈ ಹಕ್ಕಿಲ್ಲ. ನಮ್ಮಲ್ಲಂತೂ ಶಾಸಕರನ್ನು ಹೀಗೆ ವಾಪಸು ಕರೆಸುವ ಕಾನೂನೇ ಇಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇದು 1911ರಿಂದ ಇದೆ. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇ. 12ರಷ್ಟು ಸಹಿಯನ್ನು 160 ದಿನಗಳೊಳಗೆ ಸಂಗ್ರಹಿಸಬೇಕು. ತಪ್ಪು ಸಾಬೀತಾಗಬೇಕಿಲ್ಲ, ಜನರಿಗೆ ಸಿಟ್ಟಿದ್ದರೆ ಸಾಕು! 2002ರ ನವೆಂಬರಿನಲ್ಲಿ ಎರಡನೇ ಸಲ ಗೆದ್ದಿದ್ದ ಗ್ರೇ ಡೇವಿಸ್ ವಿರುದ್ಧ ವಿದ್ಯುತ್ ಬಿಕ್ಕಟ್ಟು, ಬೊಕ್ಕಸದ ಕೊರತೆ, ಏರಿದ ಕಾರು ತೆರಿಗೆ ಎಲ್ಲ ಒಟ್ಟಾದವು. 2003ರ ಅಕ್ಟೋಬರ್ 7ರಂದು ಮತದಾನ ನಡೆಯಿತು.

ಮತಪತ್ರದಲ್ಲಿ ಎರಡು ಪ್ರಶ್ನೆ. ಡೇವಿಸರನ್ನು ಇಳಿಸಬೇಕೆ? ಇಳಿಸಿದರೆ ಆ ಜಾಗಕ್ಕೆ ಯಾರು? ಎರಡನೆಯದಕ್ಕೆ 135 ಅಭ್ಯರ್ಥಿಗಳು. ಡೇವಿಸ್ ಮಾತ್ರ ಅಲ್ಲಿ ನಿಲ್ಲುವಂತಿರಲಿಲ್ಲ. ಗೆದ್ದವರು ಸಿನಿಮಾ ನಟ ಆರ್ನಾಲ್ಡ್ ಶ್ವಾರ್ಜ್‌ನೆಗರ್.

ಗೋಜಲಿರುವುದು ಇಲ್ಲೇ. ಇಳಿಸುವುದಕ್ಕೆ ಅರ್ಧಕ್ಕಿಂತ ಹೆಚ್ಚು ಮತ ಬೇಕು. ಏರುವುದಕ್ಕೆ ಉಳಿದ ಅಭ್ಯರ್ಥಿಗಳಿಗಿಂತ ಒಂದು ಮತ ಹೆಚ್ಚಿದ್ದರೆ ಆಯಿತು. ಡೇವಿಸ್ ಉಳಿಯಲಿ ಎಂದವರು ಸುಮಾರು 40 ಲಕ್ಷ, ನಟನಿಗೆ ಬಿದ್ದದ್ದು 42 ಲಕ್ಷ. ಹೇಗೋ ಮಾನ ಉಳಿಯಿತು. 2021ರಲ್ಲಿ ಗ್ಯಾವಿನ್ ನ್ಯೂಸಮ್ ಶೇ. 62ರಷ್ಟು ಮತ ಪಡೆದು ಉಳಿದುಕೊಂಡರು. ಅವರ ಪರ 79 ಲಕ್ಷ ಮತ. ಎರಡನೇ ಪ್ರಶ್ನೆಯಲ್ಲಿ ಮುಂದಿದ್ದ ಲ್ಯಾರಿ ಎಲ್ಡರ್‌ಗೆ ಬರೀ 35 ಲಕ್ಷ. ನ್ಯೂಸಮ್ ಶೇ. 49ಕ್ಕೆ ನಿಂತಿದ್ದರೆ? ಹೆಚ್ಚು ಜನರಿಗೆ ಬೇಕಾದವರು ಹೊರಗೆ, ಕಡಿಮೆ ಜನರಿಗೆ ಬೇಕಾದವರು ಕುರ್ಚಿಯಲ್ಲಿ.

ಹಾಗಾದರೆ ಕುರ್ಚಿ ಯಾರಿಗೆ ಹೋಗಬೇಕು? ಗವರ್ನರ್ ತೀರಿಕೊಂಡರೆ, ರಾಜೀನಾಮೆ ಕೊಟ್ಟರೆ ಲೆಫ್ಟಿನೆಂಟ್ ಗವರ್ನರ್ ಬರುತ್ತಾರೆ; ರಿಕಾಲ್‌ನಲ್ಲೂ ಹಾಗೇ ಆಗಲಿ ಎಂಬ ವಾದ 2003ರಲ್ಲೇ ಕೋರ್ಟಿಗೆ ಹೋಗಿತ್ತು, ನಿಲ್ಲಲಿಲ್ಲ. ಸರಳ ದಾರಿಯೇನೋ ಹೌದು. ಆದರೆ ಒಬ್ಬರ ಮೇಲೆ ಮುನಿದು ಮತ ಹಾಕಿದವರಿಗೆ ಅವರ ಪಕ್ಷದ್ದೇ ಇನ್ನೊಬ್ಬರನ್ನು ಕೊಟ್ಟಂತಾಗಬಹುದು.

ನನಗೆ ಸರಿ ಕಾಣುವುದು ವಿಸ್ಕಾನ್ಸಿನ್ ಪದ್ಧತಿ. ಅಲ್ಲಿ ಒಂದೇ ಸ್ಪರ್ಧೆ, ಹಾಲಿ ಗವರ್ನರೂ ಕಣದಲ್ಲಿ. 2012ರಲ್ಲಿ ಸ್ಕಾಟ್ ವಾಕರ್ ಶೇ. 53 ಮತ ಪಡೆದು ಹೀಗೇ ಉಳಿದರು. ನಾರ್ತ್ ಡಕೋಟಾದ ಲಿನ್ ಫ್ರೇಜಿಯರ್ 1921ರಲ್ಲಿ ಇಂಥದೇ ನೇರ ಸ್ಪರ್ಧೆಯಲ್ಲಿ ಸೋತು ಗವರ್ನರ್ ಪದವಿ ಕಳೆದುಕೊಂಡರು. ಮರುವರ್ಷ ಅದೇ ಜನ ಅವರನ್ನು ಅಮೆರಿಕದ ಸೆನೆಟ್‌ಗೆ ಆರಿಸಿ ಕಳಿಸಿದರು.