830 ಅಡಿಯ ಜಲಪಾತ, ಒಂದು ಗೇಣಿನ ಹುಲ್ಲು

ಗೌರಿ–ಗಣೇಶ ಹಬ್ಬದ ಹಿಂದಿನ ದಿನ ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಹುಲ್ಲಿಗೂ ಬೆಲೆ ಬರುತ್ತದೆ. ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಸೇವಂತಿಗೆ, ಕನಕಾಂಬರದ ಪಕ್ಕದಲ್ಲೇ ಗರಿಕೆಯ ರಾಶಿ ಬೀಳುತ್ತದೆ. ಪೂಜೆಗೆ 21 ಕುಡಿ ಬೇಕು, ಅದೂ ಎಳೆಯದೇ ಆಗಬೇಕು ಎಂದು ಜನ ಆರಿಸಿ ಆರಿಸಿ ಕೊಳ್ಳುತ್ತಾರೆ. ಅಲ್ಲಿಂದ ನಾಲ್ಕು ಹೆಜ್ಜೆ ಮುಂದೆ ಹೋದರೆ ಗ್ರಂಧಿಗೆ ಅಂಗಡಿಯಲ್ಲಿ ಲಾವಂಚದ ಬೇರು, ಕಿರಾಣಿಯಲ್ಲಿ ಅಕ್ಕಿ, ರಾಗಿ, ಜೋಳ, ಸಂಕ್ರಾಂತಿ ಬಂದರೆ ಕಬ್ಬು. ತರಕಾರಿ ತುಂಬಿಟ್ಟ ಬುಟ್ಟಿಯ ಬಿದಿರೂ ಸೇರಿದಂತೆ ಇವೆಲ್ಲ ಒಂದೇ ಹುಲ್ಲಿನ ಕುಟುಂಬದವು. ಪ್ರಪಂಚದಲ್ಲಿ ಈ ಕುಟುಂಬಕ್ಕೆ ಸೇರಿದ ಪ್ರಭೇದಗಳು ಸುಮಾರು 12,000.

ಈ 12,000ದಲ್ಲಿ ಒಂದರ ಕಥೆ ನನ್ನನ್ನು ಬಹಳ ದಿನಗಳಿಂದ ಹಿಡಿದಿಟ್ಟಿದೆ. ಸಸ್ಯಶಾಸ್ತ್ರಜ್ಞರು ಅದನ್ನು ಹಬಾರ್ಡಿಯಾ ಹೆಪ್ಟನ್ಯೂರಾನ್ ಎನ್ನುತ್ತಾರೆ. ಎತ್ತರ ಹೆಚ್ಚೆಂದರೆ ಒಂದು ಗೇಣಿನ ಆಸುಪಾಸು. ತೆಳು ದಂಟು, ತೆಳು ಎಲೆ. ಸದಾ ನೀರು ಜಿನುಗುವ, ತುಂತುರು ಬೀಳುವ ಬಂಡೆಯ ಮೈಯೇ ಅದರ ಊರು. ದನ ಮೇಯುವ ಜಾಗದಲ್ಲಿ ಅದು ಸಿಗುವುದಿಲ್ಲ.

ಅದು ಮೊದಲು ಕೈಗೆ ಸಿಕ್ಕಿದ್ದು 1919ರಲ್ಲಿ, ಗೇರುಸೊಪ್ಪೆಯ ಜಲಪಾತದಲ್ಲಿ, ಅಂದರೆ ನಮ್ಮ ಜೋಗದಲ್ಲಿ. ಆಗ ನದಿಯ ಈಚೆಗೆ ಮೈಸೂರು ಸಂಸ್ಥಾನ, ಆಚೆಗೆ ಬೊಂಬಾಯಿ ಪ್ರಾಂತ್ಯ. ಆ ಪ್ರಾಂತ್ಯದ ಇಬ್ಬರು ಅಧಿಕಾರಿಗಳು, ಐಸಿಎಸ್‌ನ ಎಲ್. ಜೆ. ಸೆಜ್‌ವಿಕ್ ಮತ್ತು ಅರಣ್ಯ ಇಲಾಖೆಯ ಟಿ. ಆರ್. ಡಿ. ಬೆಲ್, ಈ ಹುಲ್ಲನ್ನು ಕಿತ್ತು, ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿದರು. ರಾಜಾ ಧಾರೆ ಧುಮುಕುವುದು 830 ಅಡಿ. ಮೈಸೂರು ಅರಮನೆಯ ನಡುಗೋಪುರ 145 ಅಡಿ. ಅಂಥ ಐದು ಗೋಪುರ ಒಂದರ ಮೇಲೊಂದಿಟ್ಟರೂ ರಾಜನ ತಲೆ ಮುಟ್ಟುವುದಿಲ್ಲ. ಅಷ್ಟು ದೊಡ್ಡ ದೃಶ್ಯದ ಮುಂದೆ ನಿಂತು, ಬಗ್ಗಿ, ಬಂಡೆಗೆ ಅಂಟಿದ ಗೇಣುದ್ದದ ಹುಲ್ಲನ್ನು ಗಮನಿಸಿದರಲ್ಲ, ಆ ಕಣ್ಣಿಗೆ ನಾನು ಕೈಮುಗಿಯುತ್ತೇನೆ.

ಆ ಹಾಳೆ ಮುಂದೆ 30ಕ್ಕೂ ಹೆಚ್ಚು ವರ್ಷ ಹೆಸರಿಲ್ಲದೆ ಉಳಿಯಿತು. ಸೆಜ್‌ವಿಕ್ 1925ರಲ್ಲಿ ತೀರಿಕೊಂಡರು. ನಿವೃತ್ತಿಯ ನಂತರ ಕಾರವಾರದಲ್ಲೇ ನೆಲೆಸಿ ಚಿಟ್ಟೆ, ಪತಂಗಗಳ ಅಧ್ಯಯನದಲ್ಲಿ ಮುಳುಗಿದ್ದ ಬೆಲ್ 1948ರಲ್ಲಿ ಹೋದರು. 1951ರಲ್ಲಿ ಎನ್. ಎಲ್. ಬೋರ್ ಎಂಬ ಹುಲ್ಲುತಜ್ಞರು ಇದು ಹೊಸ ಪ್ರಭೇದ ಮಾತ್ರವಲ್ಲ, ಹೊಸ ಕುಲವೇ ಹೌದು ಎಂದು ಪ್ರಕಟಿಸಿ, ಲಂಡನ್ನಿನ ಕ್ಯೂ ಉದ್ಯಾನದ ವಿದ್ವಾಂಸ ಸಿ. ಇ. ಹಬಾರ್ಡ್ ಅವರ ಹೆಸರಿಟ್ಟರು. ಒಂಬತ್ತು ವರ್ಷ ಕಳೆದ ಮೇಲೆ ಇದೊಂದಕ್ಕಾಗಿಯೇ ಹುಲ್ಲುಗಳಲ್ಲಿ ಒಂದು ಪ್ರತ್ಯೇಕ ಪಂಗಡವನ್ನೇ ಮಾಡಿದರು. ಇಡೀ ಪಂಗಡಕ್ಕೆ ಒಂದು ಕುಲ, ಆ ಕುಲಕ್ಕೆ ಒಂದೇ ಪ್ರಭೇದ, ಆ ಪ್ರಭೇದಕ್ಕೆ ಗೊತ್ತಿದ್ದದ್ದು ಒಂದೇ ಊರು: ಜೋಗ.

ಅಷ್ಟರಲ್ಲಿ ಜೋಗವೇ ಬದಲಾಗಿತ್ತು. 1940ರ ದಶಕದ ಕೊನೆಗೆ ಶರಾವತಿಯ ನೀರು ಕೊಳವೆಗಳಲ್ಲಿಳಿದು ವಿದ್ಯುತ್ತಾಗತೊಡಗಿತು. ಇಂದು ಮಹಾತ್ಮ ಗಾಂಧಿ ಹೆಸರಿನಲ್ಲಿರುವ ಆ ಕೇಂದ್ರದ ಸಾಮರ್ಥ್ಯ 120 ಮೆಗಾವ್ಯಾಟ್ ಆಯಿತು. 1964ರಲ್ಲಿ ಲಿಂಗನಮಕ್ಕಿ ಬಂತು. ಅದರ ಒಡಲು ಸುಮಾರು 151 ಟಿಎಂಸಿ. ಕನ್ನಂಬಾಡಿ ತುಂಬಿದರೆ 49 ಟಿಎಂಸಿ ಚಿಲ್ಲರೆ. ಹಾಗಾದರೆ ಲಿಂಗನಮಕ್ಕಿಯಲ್ಲಿ ಮೂರು ಕನ್ನಂಬಾಡಿ ಹಿಡಿಯುತ್ತದೆ. ಲೀಟರಿನಲ್ಲಿ ಹೇಳುವುದಾದರೆ 4 ಲಕ್ಷ 27 ಸಾವಿರ ಕೋಟಿ. ಆ ನೀರಿನಿಂದ ನಡೆಯುವ ಶರಾವತಿ ಕೇಂದ್ರ 1,035 ಮೆಗಾವ್ಯಾಟಿನದು. ಸಯ್ಯಾಜಿರಾವ್ ರಸ್ತೆಯ ದೀಪಗಳಿಗೂ ಅದರಲ್ಲಿ ಪಾಲುಂಟು, ಆ ಬೆಳಕು ಬೇಡವಿತ್ತೆಂದು ನಾನು ಹೇಳಲಾರೆ. ಆದರೆ ಇಷ್ಟೆಲ್ಲ ಅಂಕಿಗಳ ನಡುವೆ ಆ ಹುಲ್ಲು ಕೇಳುತ್ತಿದ್ದದ್ದು ಬಂಡೆಯ ಮೇಲೊಂದಿಷ್ಟು ಹನಿ. 1919ರ ನಂತರ ಅದು ಮತ್ತೆ ಕಾಣಲಿಲ್ಲ, ನದಿಗೆ ಕಟ್ಟೆ ಬಿದ್ದು ತುಂತುರೂ ಕಡಿಮೆಯಾಯಿತು. ಅಳಿದುಹೋಯಿತು ಎಂದೇ ಎಲ್ಲರೂ ತಿಳಿದರು.

ಮತ್ತೆ ಸಿಕ್ಕಿದ್ದು 2000ದ ದಶಕದ ಆರಂಭದಲ್ಲಿ. ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಪ್ರೊಫೆಸರ್ ಎಸ್. ಆರ್. ಯಾದವ್ ಮತ್ತು ಅವರ ಸಂಗಡಿಗರಿಗೆ, ಬೆಳಗಾವಿಯ ಪಶ್ಚಿಮಕ್ಕಿರುವ ತಿಲಾರಿ ಘಟ್ಟದಲ್ಲಿ. ಜೋಗದಿಂದ ನೇರ ಗೆರೆ ಎಳೆದರೆ 200 ಕಿಲೋಮೀಟರ್ ಕೂಡ ಆಗದು. ಕಳೆದಿದ್ದ ಕಾಲ ಮಾತ್ರ 80 ವರ್ಷಕ್ಕೂ ಮೇಲೆ.

ಈ 80 ಎಂಬ ಸಂಖ್ಯೆಯನ್ನು ಸುಮ್ಮನೆ ದಾಟಿ ಹೋಗಬಾರದು. ಇದು ವರ್ಷಾಯುಷಿ ಹುಲ್ಲು. ಮಳೆ ಬಿದ್ದಾಗ ಮೊಳೆತು, ಬಂಡೆ ಒಣಗುವುದರೊಳಗೆ ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಮರವಾದರೆ ಒಮ್ಮೆ ಬೇರೂರಿ ನೂರು ವರ್ಷ ನಿಂತೀತು. ಇದಕ್ಕೆ ಆ ಅನುಕೂಲವಿಲ್ಲ. ಯಾರೂ ನೋಡದಿದ್ದ ಆ ಅವಧಿಯಲ್ಲಿ ಅದು ಎಂಬತ್ತು ಬಾರಿ ಸತ್ತು ಎಂಬತ್ತು ಬಾರಿ ಹುಟ್ಟಿರಬೇಕು. ಸಾಸಿವೆಯಷ್ಟೂ ದಪ್ಪವಿಲ್ಲದ ಬೀಜ ಪ್ರತಿ ವರ್ಷವೂ ಹರಿಯುವ ನೀರಿನಲ್ಲಿ ಕೊಚ್ಚಿಹೋಗದೆ ಬಂಡೆಯ ಬಿರುಕಿನಲ್ಲಿ ಉಳಿದುಕೊಂಡಿರಬೇಕು. ನಾಲ್ಕಾರು ಮಳೆಗಾಲ ಒಟ್ಟಿಗೆ ಕೈಕೊಟ್ಟಿದ್ದರೆ ಸರಪಳಿ ಅಲ್ಲಿಗೇ ಕಡಿದುಹೋಗುತ್ತಿತ್ತೋ ಏನೋ.

ಸಿಕ್ಕಿತೆಂದು ಬರೆದು ಯಾದವ್ ತಂಡ ಸುಮ್ಮನಾಗಲಿಲ್ಲ. ಹುಲ್ಲನ್ನು ಬೆಳೆಸಿ, ಪಶ್ಚಿಮಘಟ್ಟದಲ್ಲಿ ಅದಕ್ಕೆ ಒಗ್ಗುವ ಬೇರೆ ಒದ್ದೆ ಬಂಡೆಗಳ ಮೇಲೂ ನೆಟ್ಟರು, ಅದರ ವಿವರವನ್ನು 2009ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಪ್ರಕಟಿಸಿದರು. ಮುಂದೆ ಇದೇ ಕುಲದ ಎರಡನೆಯ ಪ್ರಭೇದವೂ ಘಟ್ಟದಲ್ಲೇ ಸಿಕ್ಕಿತು.

ಕ್ಯೂ ಮತ್ತು ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2019ರಲ್ಲಿ ಒಂದು ಲೆಕ್ಕ ಕೊಟ್ಟರು. ಕಳೆದ ಸುಮಾರು 250 ವರ್ಷಗಳಲ್ಲಿ ಪ್ರಪಂಚದಿಂದ ಅಳಿದ ಬೀಜಸಸ್ಯಗಳು 571. ಅದೇ ಅವಧಿಯಲ್ಲಿ ಅಳಿದವೆಂದು ದಾಖಲಾದ ಹಕ್ಕಿ, ಸಸ್ತನಿ, ಉಭಯಚರಗಳನ್ನೆಲ್ಲ ಕೂಡಿದರೂ 217. ಈ ಪಟ್ಟಿಯ ಪಕ್ಕದಲ್ಲೇ ಇನ್ನೊಂದು ಪಟ್ಟಿ: ಅಳಿದವೆಂದು ಒಮ್ಮೆ ಬರೆದು, ಆಮೇಲೆ ಜೀವಂತ ಸಿಕ್ಕಿದ್ದರಿಂದಲೋ ಬೇರೆ ಹೆಸರಿನಡಿ ಬದುಕಿದ್ದದ್ದು ತಿಳಿದದ್ದರಿಂದಲೋ ತಿದ್ದಿಕೊಂಡ ಸಸ್ಯಗಳು 430ರಷ್ಟು. ಹಾಗೆ ಮರಳಿದವುಗಳಲ್ಲಿ ನೂರಕ್ಕೆ ತೊಂಬತ್ತು ಮತ್ತೆ ಅಳಿವಿನ ಅಂಚಿನಲ್ಲೇ ಇವೆ.

ಜೋಗದ ಹುಲ್ಲನ್ನು ತಿಲಾರಿಯಲ್ಲಿ ಗುರುತು ಹಿಡಿಯಲು ಸಾಧ್ಯವಾಗಿದ್ದು 1919ರ ಒಣ ಮಾದರಿ ಮತ್ತು ಅದನ್ನು ನೋಡಿ ಬರೆದ ವರ್ಣನೆ ಉಳಿದಿದ್ದರಿಂದ. ನಮ್ಮ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳಲ್ಲಿ ಇಂದಿಗೂ ಅಂಥ ಹಾಳೆಗಳ ಕಪಾಟುಗಳಿವೆ. ಅವಕ್ಕೆ ಹುಳು ಹಿಡಿಯದಂತೆ ಕಾಯುವ ಕೆಲಸಕ್ಕೆ ಜನ ಬೇಕು, ಹಣ ಬೇಕು. ಹುಲ್ಲನ್ನು ಓದಬಲ್ಲವರೂ ಬೇಕು. ಜೋಗದಿಂದ ಹೆಚ್ಚು ದೂರವಿಲ್ಲದ ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಧುಮುಕುತ್ತಾಳೆ, ಆ ನದಿಗೆ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಅಲ್ಲಿಗೆ ಹೋಗುವ ವಿದ್ಯಾರ್ಥಿಗಳ ಚೀಲದಲ್ಲಿ ಒಂದು ಭೂತಗನ್ನಡಿ ಇರಲಿ.