ನೋಟಿಸು ಹೋದ ಮೇಲೆ

ಬಳಕೆದಾರರ ಮಾಹಿತಿ ಕೊಡಿ ಎಂದು ಟೆಕ್ ಕಂಪನಿಗಳನ್ನು ಕೇಳಲು ಪೊಲೀಸರಿಗೆ ನ್ಯಾಯಾಧೀಶರ ಸಹಿ ಬೇಕಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ಠಾಣಾಧಿಕಾರಿಯೇ ನೋಟಿಸು ಕೊಡಬಹುದು. 2024ರ ಜುಲೈ 1ಕ್ಕೆ ಮೊದಲು ಇದೇ ಅಧಿಕಾರ ದಂಡ ಪ್ರಕ್ರಿಯಾ ಸಂಹಿತೆಯ 91ನೇ ಕಲಮಿನಲ್ಲಿತ್ತು. 2021ರ ಐಟಿ ನಿಯಮಗಳ ಪ್ರಕಾರ, ಲಿಖಿತ ಆದೇಶ ಕೈಸೇರಿದ 72 ಗಂಟೆಯೊಳಗೆ ಕಂಪನಿ ಮಾಹಿತಿ ಒದಗಿಸಬೇಕು.

ಈ ಅಧಿಕಾರವೇ ಬೇಡ ಎನ್ನಲಾಗದು. 2025ರ ಜುಲೈ 18ರಂದು ಕೆಂಗೇರಿ, ರಾಜರಾಜೇಶ್ವರಿನಗರ ಸೇರಿದಂತೆ ಬೆಂಗಳೂರಿನ ಸುಮಾರು 40 ಖಾಸಗಿ ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂತು. ಅದು ಹುಸಿ ಬೆದರಿಕೆ. ಆದರೆ ಮಕ್ಕಳ ಜೀವದ ಪ್ರಶ್ನೆ ಬಂದಾಗ ಯಾವ ಪೊಲೀಸರೂ ಹುಸಿಯೆಂದು ಸುಮ್ಮನಿರುವಂತಿಲ್ಲ. ಮೇಲ್ ಕಳಿಸಿದವರ ಜಾಡು ಹಿಡಿಯಬೇಕಾದರೆ ಮೇಲ್ ಸೇವೆಯ ಕಂಪನಿಯನ್ನೇ ಕೇಳಬೇಕು.

ಸಾಮಾನ್ಯವಾಗಿ ಕಂಪನಿಯಿಂದ ಬರುವುದು ಖಾತೆಯ ಹೆಸರು, ಮೊಬೈಲ್ ನಂಬರು ಮತ್ತು ಲಾಗಿನ್ ಆದ ಹೊತ್ತಿನ ಐಪಿ ವಿಳಾಸಗಳು. ಹೆಸರನ್ನು ಯಾರು ಬೇಕಾದರೂ ಸುಳ್ಳು ಬರೆಯಬಹುದಾದ್ದರಿಂದ ತನಿಖೆ ಐಪಿ ವಿಳಾಸವನ್ನೇ ನೆಚ್ಚಿಕೊಳ್ಳುತ್ತದೆ. ಅದು ಮನೆಯ ಬಾಗಿಲಿನ ನಂಬರಿನಂತೆ ಸ್ಥಿರವಲ್ಲ. ಬೆಳಿಗ್ಗೆ ಒಬ್ಬರಿಗೆ ಸಿಕ್ಕಿದ್ದು ಸಂಜೆ ಇನ್ನೊಬ್ಬರದಾಗಿರಬಹುದು. ಆ ಕ್ಷಣದಲ್ಲಿ ಅದು ಯಾರ ಪಾಲಿಗಿತ್ತು ಎಂದು ಇಂಟರ್ನೆಟ್ ಕಂಪನಿಗೆ ಎರಡನೇ ಪತ್ರ ಹೋಗುತ್ತದೆ. ಲಾಗಿನ್ ಸಮಯ ಜಾಗತಿಕ ಕಾಲಮಾನದಲ್ಲಿದ್ದರೆ ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಅಷ್ಟನ್ನು ಮರೆತರೂ ಪೊಲೀಸರು ಬೇರೆ ಯಾರದೋ ಮನೆಗೆ ಹೋಗುತ್ತಾರೆ.

ತಪ್ಪು ವಿವರದ ಬೆಲೆಯನ್ನು 2007ರಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿ ತೆತ್ತರು. ಗೂಗಲ್‌ನ ಸಾಮಾಜಿಕ ಜಾಲತಾಣವಾಗಿದ್ದ ಆರ್ಕುಟ್‌ನಲ್ಲಿ ಶಿವಾಜಿಯನ್ನು ಅವಮಾನಿಸಿದ ಪ್ರಕರಣದಲ್ಲಿ ಗೂಗಲ್ ಐಪಿ ವಿಳಾಸ ಕೊಟ್ಟಿತು. ಇಂಟರ್ನೆಟ್ ಕಂಪನಿ ಕೊಟ್ಟ ಗ್ರಾಹಕರ ವಿವರ ತಪ್ಪಾಗಿತ್ತು. ಪುಣೆ ಪೊಲೀಸರು ಬಂಧಿಸಿ ಒಯ್ದ ಆ ನಿರಪರಾಧಿ ಸುಮಾರು 50 ದಿನ ಜೈಲಿನಲ್ಲಿದ್ದರು. ಕೊಟ್ಟ ಮಾಹಿತಿಯನ್ನು ಬಂಧನಕ್ಕೆ ಮುಂಚೆ ಮೂರನೆಯವರೊಬ್ಬರು ಪರಿಶೀಲಿಸುವ ವ್ಯವಸ್ಥೆ ಇದ್ದಿದ್ದರೆ ಇದು ತಪ್ಪುತ್ತಿತ್ತು.

ಕೆಲವು ವಿದೇಶಿ ಕಂಪನಿಗಳ ಮಾತು ಬೇರೆ. ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲ್ ಆ ದೇಶದ ಅಧಿಕಾರಿಗಳ ಮೂಲಕ ಬಂದ ಕೋರಿಕೆಗೆ ಮಾತ್ರ ಓಗೊಡುತ್ತದೆ. ಕಂಪನಿಯೊಂದರ ಸಿಬ್ಬಂದಿಗೆ ಈ ಸೇವೆಯ ಮೂಲಕ ಅಶ್ಲೀಲ ಮೇಲ್‌ಗಳು ಬಂದ ಪ್ರಕರಣದಲ್ಲಿ, 2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಪ್ರೋಟಾನ್ ಮೇಲನ್ನೇ ನಿರ್ಬಂಧಿಸಲು ಕ್ರಮ ಕೈಗೊಳ್ಳುವಂತೆ ಕೇಂದ್ರಕ್ಕೆ ಸೂಚಿಸಿದರು. ನೊಂದವರಿಗೆ ನ್ಯಾಯ ಸಿಗಲೇಬೇಕು, ನಿಜ. ಆದರೆ ಒಬ್ಬ ದುಷ್ಕರ್ಮಿಗಾಗಿ ಇಡೀ ಸೇವೆಯನ್ನು ಮುಚ್ಚಿದರೆ ಅದನ್ನು ನಂಬಿದ ಉಳಿದವರೆಲ್ಲರೂ ನಷ್ಟ ಅನುಭವಿಸುತ್ತಾರೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕಿಗೆ ಸರ್ಕಾರ ಕೈಹಾಕುವುದಾದರೆ ಕಾನೂನಿನ ಬೆಂಬಲ ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಅಗತ್ಯಕ್ಕೆ ತಕ್ಕಷ್ಟೇ ಇರಬೇಕು ಎಂದಿತು ತೀರ್ಪು. 2023ರ ದತ್ತಾಂಶ ರಕ್ಷಣಾ ಕಾಯ್ದೆ ಮಾತ್ರ ತನಿಖೆಯ ಕೆಲಸಕ್ಕೆ ದೊಡ್ಡ ವಿನಾಯಿತಿಯನ್ನೇ ಕೊಟ್ಟಿದೆ. ತಮ್ಮ ಮಾಹಿತಿ ಠಾಣೆಗೆ ಹೋಯಿತೆಂದು ಖಾತೆದಾರರಿಗೆ ತಿಳಿಸಬೇಕೆಂಬ ಮಾತೂ 94ನೇ ಕಲಮಿನಲ್ಲಿಲ್ಲ. ಕಾನೂನಿನ ಅಡ್ಡಿಯಿಲ್ಲದಾಗ ಮಾಹಿತಿ ಕೊಡುವ ಮುನ್ನ ಖಾತೆದಾರರಿಗೆ ಇ-ಮೇಲ್ ಕಳಿಸುವುದನ್ನು ಗೂಗಲ್ ತಾನಾಗಿಯೇ ನಿಯಮ ಮಾಡಿಕೊಂಡಿದೆ.