ಕಬ್ಬಿನ ಟ್ರ್ಯಾಲಿಯ ಹಿಂದೆ ಬಂದ್ ಬೀಳುವ ಫಿಯಾಟ್

ತವಂದಿ ಘಾಟ ದಾಟಿ ಸಂಕೇಶ್ವರಕ್ಕೆ ಬರುವ ಹಳೆಯ ಫಿಯಾಟಿಗೆ ಹೆದ್ದಾರಿಯಲ್ಲಿ ಯಾವ ತಕರಾರೂ ಇಲ್ಲ. ಊರೊಳಗೆ ತಿರುಗಿ, ಎರಡೆರಡು ಟ್ರ್ಯಾಲಿ ಕಬ್ಬು ಎಳೆಯುವ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಾಗಲೇ ಅದರ ರೋಗ ಹೊರಬೀಳುವುದು. ಎಕ್ಸಲರೇಟರಿನಿಂದ ಕಾಲು ತೆಗೆದರೆ ಸಾಕು, ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ‘ಗಾಡಿ ಸ್ಲೋದಾಗ ನಿಲ್ಲವಲ್ದು’ ಎನ್ನುವುದು ಈ ಸೀಮೆಯ ಗ್ಯಾರೇಜು ಭಾಷೆ.

ಈಚೆಗೆ ಇದರ ಮೊದಲ ಬೈಗುಳ ಪೆಟ್ರೋಲಿಗೆ ಬೆರೆಸುವ ಎಥನಾಲ್‌ಗೆ ಬೀಳುತ್ತದೆ. ಅಂದರೆ ಮುಂದೆ ಹೋಗುತ್ತಿರುವ ಆ ಕಬ್ಬಿಗೇ! ಬೈಗುಳದಲ್ಲಿ ಅರ್ಧ ನಿಜವಿದೆ. ಆದರೆ ಈ ಕಾರಿಗೂ ಕಬ್ಬಿಗೂ ನಂಟು ಎಥನಾಲ್‌ಗಿಂತ ಹಳೆಯದು. ಕುರ್ಲಾದಲ್ಲಿ ಫಿಯಾಟ್ ತಯಾರಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಅನ್ನು 1944ರಲ್ಲಿ ಕಟ್ಟಿದವರು ಸೊಲ್ಲಾಪುರದ ವಾಲಚಂದ್ ಹೀರಾಚಂದ್. ಅದಕ್ಕೂ ಮೊದಲೇ ರಾವಳಗಾಂವ್, ವಾಲಚಂದನಗರಗಳಲ್ಲಿ ಕಬ್ಬು ಅರೆಸಿ ಸಕ್ಕರೆ ಮಾಡಿದ್ದರು. ಹೀಗೆ ಸಕ್ಕರೆಯೂ ಕಾರೂ ಒಂದೇ ಮನೆಯಿಂದ ಹೊರಟವು. ಕಾರ್ಬೊರೇಟರಿನ ಬೌಲಿನಲ್ಲಿ ಮತ್ತೆ ಎದುರಾಗಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು.

ಪೆಟ್ರೋಲನ್ನು ಗಾಳಿಗೆ ಚಿಮ್ಮಿಸಿ ಬೆರೆಸುವ ಈ ಕಾರ್ಬೊರೇಟರ್ ಹುಟ್ಟಿದ್ದು ಇನ್ನೂ ಹಿಂದೆ. 1893ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮೈಬಾಖ್ ಪೆಟ್ರೋಲನ್ನು ಸಣ್ಣ ನಳಿಕೆಯಿಂದ ಚಿಮ್ಮಿಸುವ ಉಪಾಯ ಕಂಡುಕೊಂಡ. ಅದೇ ವರ್ಷ ಹಂಗೇರಿಯ ಬಾಂಕಿ, ಚೋಂಕಾ ಎಂಬಿಬ್ಬರೂ ಅಲ್ಲಿಗೇ ಬಂದು ಮುಟ್ಟಿದರು. ಹೂವಿನ ಮೇಲೆ ಬಾಯಿಂದ ನೀರು ಚಿಮುಕಿಸುತ್ತಿದ್ದ ಹುಡುಗಿಯನ್ನು ನೋಡಿ ಅವರಿಗೆ ಇದು ಹೊಳೆಯಿತು ಎಂಬ ದಂತಕತೆಯಿದೆ. ಇಸ್ತ್ರಿ ಮಾಡುವಾಗ ಬಟ್ಟೆಗೆ ಫುರ್ರನೆ ನೀರೂದುವುದನ್ನು ಕಂಡವರಿಗೆ ಬೇರೆ ವಿವರಣೆ ಬೇಕಿಲ್ಲ.

ತೊಂದರೆಯಿರುವುದು ಊದುವ ಬಲ ಕಡಿಮೆಯಾದಾಗ. ಕಾಲು ತೆಗೆದರೆ ಥ್ರಾಟಲ್ ತಗಡು ಬಹುಪಾಲು ಮುಚ್ಚಿಕೊಳ್ಳುತ್ತದೆ, ಗಾಳಿಯ ಓಟ ಕುಗ್ಗುತ್ತದೆ, ಮೇನ್ ಜೆಟ್ಟಿನಿಂದ ಪೆಟ್ರೋಲ್ ಏಳುವುದಿಲ್ಲ. ಅದಕ್ಕೆಂದೇ ಸೋಲೆಕ್ಸ್‌ನಂಥ ಕಾರ್ಬೊರೇಟರುಗಳಲ್ಲಿ ಬೇರೊಂದು ಕಳ್ಳದಾರಿ ಇದೆ. ತಗಡಿನ ಕೆಳಗೆ ಎಂಜಿನ್ನಿನ ಎಳೆತ ಜೋರಾಗಿರುತ್ತದಲ್ಲ, ಅಲ್ಲೊಂದು ಪುಟ್ಟ ತೂತು. ಸ್ಲೋ ಜೆಟ್ಟಿನ ಮೂಲಕ ಬರುವ ಪೆಟ್ರೋಲ್ ದಾರಿಯಲ್ಲಿ ಒಂದಿಷ್ಟು ಗಾಳಿ ಬೆರೆಸಿಕೊಂಡು ಆ ತೂತಿನಿಂದ ಒಳಗಿಳಿಯುತ್ತದೆ. ಆ ಹಿತ್ತಾಳೆ ಜೆಟ್ಟಿನ ರಂಧ್ರ ಸುಮಾರು ಅರ್ಧ ಮಿಲಿಮೀಟರ್. 1089 ಸಿ.ಸಿ. ಎಂಜಿನ್ ನಿಂತಲ್ಲೇ ಉಸಿರಾಡುವುದು ಇಷ್ಟೇ ಕಿಂಡಿಯಿಂದ. ಒಂದು ಕಣ ಕಚರಾ ಸಿಕ್ಕಿದರೆ ಮುಗಿಯಿತು.

ಇನ್ನು ಎಥನಾಲ್. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುದುಗಿಸಿ ಬಟ್ಟಿ ಇಳಿಸಿದ ಮದ್ಯಸಾರವಿದು. 2018ರ ನೀತಿ ನೇರವಾಗಿ ಕಬ್ಬಿನ ರಸದಿಂದಲೂ ಮಾಡಲು ದಾರಿ ಬಿಟ್ಟಿತು. ಇದನ್ನು ಪೆಟ್ರೋಲಿಗೆ ಬೆರೆಸುವ ಪ್ರಯೋಗ 2001ರಲ್ಲಿ ನಡೆದ ಜಾಗಗಳಲ್ಲಿ ನಮ್ಮ ಗಡಿಯಾಚೆಗಿನ ಮಿರಜವೂ ಒಂದು. 2003ರಲ್ಲಿ ಕರ್ನಾಟಕ ಸೇರಿ ಒಂಬತ್ತು ರಾಜ್ಯಗಳಿಗೆ ಶೇ 5ರ ಮಿಶ್ರಣ ಬಂತು. 2022ಕ್ಕೆ ಅದು ಶೇ 10 ಮುಟ್ಟಿತು. 2023ರ ಫೆಬ್ರುವರಿ 6ರಂದು ಶೇ 20ರ ಪೆಟ್ರೋಲನ್ನು ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು. ಹಿರಣ್ಯಕೇಶಿ ನದಿಯ ಹೆಸರಿನ ಸಹಕಾರಿ ಸಕ್ಕರೆ ಕಾರ್ಖಾನೆ ಇರುವ ಊರಿನಲ್ಲಿ ಇದನ್ನು ಬೈಯುವುದು ಕೊಂಚ ಮುಜುಗರದ ಕೆಲಸವೇ.

ಆದರೂ ಹಳೆಯ ಗಾಡಿಗೆ ಅದರಿಂದ ಮೂರು ಕಿರುಕುಳ ತಪ್ಪುವುದಿಲ್ಲ. ಎಥನಾಲ್ ಒಳಗೇ ಆಮ್ಲಜನಕ ಇರುವುದರಿಂದ ಹಳೆಯ ಲೆಕ್ಕಕ್ಕೆ ಕೊರೆದ ಜೆಟ್ಟಿಗೆ ಮಿಶ್ರಣ ತೆಳುವಾಗುತ್ತದೆ. ಗಾಳಿಯ ತೇವ ಹೀರಿಕೊಳ್ಳುತ್ತದೆ, ಸತುವು ಬೆರೆತ ಕಾರ್ಬೊರೇಟರ್ ಒಳಗೆ ಬಿಳಿ ಪುಡಿ ಏಳುತ್ತದೆ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನ ಹಳೆಯ ರಬ್ಬರ್ ಪೊರೆಯನ್ನು ಮೆತ್ತಗಾಗಿಸುತ್ತದೆ. ಇದಲ್ಲದೆ, ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಅಂಟಿ ಕೂತ ಜಿಡ್ಡನ್ನು ಕರಗಿಸಿ ಸೀದಾ ಆ ಅರ್ಧ ಮಿಲಿಮೀಟರ್ ಕಿಂಡಿಗೆ ಕಳಿಸುತ್ತದೆ.

ಹಾಗಂತ ಬಂದ್ ಬಿದ್ದ ಗಾಡಿಗಳಿಗೆಲ್ಲ ಎಥನಾಲ್ ಕಾರಣ ಎಂದರೆ ನಾನು ಒಪ್ಪುವುದಿಲ್ಲ. ಒಳ್ಳೆಯ ಕೈ ಮೊದಲು ನೋಡುವುದು ಕಿಡಿ ಕೊಡುವ ಪ್ಲಗ್ಗು ಮತ್ತು ಪಾಯಿಂಟ್. ಗ್ಯಾಪ್ ಕೆಟ್ಟ ಪಾಯಿಂಟಿನ ತಪ್ಪಿಗೆ ಕಾರ್ಬೊರೇಟರ್ ಬಿಚ್ಚಿಸಿಕೊಂಡ ಗಾಡಿಗಳಿಗೆ ಲೆಕ್ಕವಿಲ್ಲ. ಆಮೇಲೆ ಚೋಕ್ ಪರೀಕ್ಷೆ. ಚೋಕ್ ಸ್ವಲ್ಪ ಎಳೆದಾಗ ಎಂಜಿನ್ ಬಂದ್ ಬೀಳದೆ ಓಡಿದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲೋ ಹವಾ ಎಳೆಯುತ್ತಿದೆ. ಕಾರ್ಬೊರೇಟರ್ ಬುಡದ ಪ್ಯಾಕಿಂಗ್ ಸುತ್ತ ಎಣ್ಣೆಯ ಹನಿ ಬಿಟ್ಟು ನೋಡಿದರೆ ಕಳ್ಳ ಗಾಳಿ ಸಿಕ್ಕಿಬೀಳುತ್ತದೆ. ಎಣ್ಣೆ ಸಂದು ಮುಚ್ಚಿದ ಕ್ಷಣ ಎಂಜಿನ್ನಿನ ದನಿ ಬದಲಾಗುತ್ತದೆ. ಮಿಕ್ಸಿಂಗ್ ಸ್ಕ್ರೂವನ್ನು ಒಳಕ್ಕೆ ತಿರುಗಿಸಿದರೂ ದನಿ ಬದಲಾಗದಿದ್ದರೆ ಸ್ಲೋ ಜೆಟ್ಟೇ ಕಟ್ಟಿದೆ ಎಂದು ಹೆಚ್ಚುಕಡಿಮೆ ಖಾತ್ರಿ. ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಇದ್ದರೆ ಕತೆ ತಿರುವುಮುರುವು. ಫ್ಲೋಟ್ ತೂತಾಗಿ ಮುಳುಗಿರಬಹುದು, ಸೂಜಿ ಸರಿಯಾಗಿ ಕೂರದೆ ಬೌಲ್ ತುಂಬಿ ಚೆಲ್ಲುತ್ತಿರಬಹುದು.

ಕಟ್ಟಿದ ಜೆಟ್ಟಿಗೆ ಹವಾ ಹೊಡೆಯಬೇಕು. ಆತುರಕ್ಕೆ ತಂತಿ ತೂರಿಸಿದರೆ ಮೆದು ಹಿತ್ತಾಳೆ ಸವೆದು ಕಿಂಡಿ ಹಿಗ್ಗುತ್ತದೆ, ತೆಳು ಮಿಶ್ರಣದ ರೋಗ ಹೋಗಿ ದಪ್ಪದ್ದು ಬರುತ್ತದೆ. ಎಥನಾಲ್ ತಂದ ತೆಳುವಿಗೆ ಮಿಕ್ಸಿಂಗ್ ಸ್ಕ್ರೂ ಒಂದಿಷ್ಟು ಬಿಚ್ಚಿದರೆ ಬಹಳ ಸಲ ಸಾಕಾಗುತ್ತದೆ. ಸಾಲದಿದ್ದರೆ ಒಂದು ನಂಬರ್ ದೊಡ್ಡ ಸ್ಲೋ ಜೆಟ್. ಪಂಪಿಗೆ ಹೊಸ ಪೊರೆ, ಪೈಪಿಗೊಂದು ಫಿಲ್ಟರ್ ಹಾಕಿದರೆ ಖರ್ಚು ದೊಡ್ಡದೇನಲ್ಲ.

ವಾರಗಟ್ಟಲೆ ಗಾಡಿ ತೆಗೆಯುವುದಿಲ್ಲ ಎಂದಾದರೆ, ಬೌಲಿನಲ್ಲಿ ಎಥನಾಲ್ ಕೂತು ತೇವ ಹೀರದಂತೆ, ಪಂಪಿನ ಪೆಟ್ರೋಲ್ ಪೈಪ್ ಕಳಚಿ, ಬಾಯಿ ಕಟ್ಟಿ, ಬೌಲ್ ಬರಿದಾಗುವ ತನಕ ಎಂಜಿನ್ ಓಡಿಸಬೇಕು. ಸ್ವಲ್ಪ ಹೊತ್ತು ಗುರುಗುಟ್ಟಿ, ಎರಡು ಸಲ ಕೆಮ್ಮಿ ಬಂದ್ ಬೀಳುತ್ತದೆ. ಯಜಮಾನ ಬೈಯದೆ ಬಾನೆಟ್ ಮುಚ್ಚುವುದು ಆಗ ಮಾತ್ರ.